ದೊರೆಯ ಎದೆಯ ಸದ್ದು

“ನಿಮ್ಮ ಸ್ಟೆತಸ್ಕೋಪ್ ಕೆಟ್ಟಿರ್ಬೇಕು ಡಾಕ್ಟ್ರೇ.”

ನಾಯಿಗಳ ಹೃದಯತಜ್ಞ ಸಿಟ್ಟಾಗಲಿಲ್ಲ. ಸ್ಟೆತಸ್ಕೋಪನ್ನು ಕಿವಿಯಿಂದ ತೆಗೆದು ಅವಳತ್ತ ಚಾಚಿದ. “ನೀವೇ ಕೇಳಿ.”

ಅವಳು ಮುಟ್ಟಲಿಲ್ಲ. ಪಕ್ಕದಲ್ಲಿ ಅವಳ ಸೊಂಟದೆತ್ತರಕ್ಕೆ ನಿಂತಿದ್ದ ಗ್ರೇಟ್ ಡೇನ್, ದೊರೆ, ಈ ವರ್ಷದ ನಾಯಿಗಳ ಶೋ ಗೆದ್ದವನು. ಅಪ್ಪ ಶುರುಮಾಡಿದ ತಳಿಯನ್ನು ಅಪ್ಪ ಹೋದಮೇಲೆ ಅವಳೊಬ್ಬಳೇ ಬೆಳೆಸಿದ್ದಳು. ದೊರೆಯ ಮರಿಗಳಿಗಾಗಿ ಜನ ಈಗಲೇ ತುದಿಗಾಲಲ್ಲಿ ನಿಂತಿದ್ದರು.

ಅವನು ಸ್ಕ್ಯಾನ್ ಪರದೆಯನ್ನು ತಿರುಗಿಸಿದ. “ರಕ್ತ ಹೊರಗೆ ಹೋಗೋ ದಾರಿ ಇಲ್ಲಿ ಕಿರಿದಾಗಿದೆ. ಕೆಲವು ದೊಡ್ಡ ಜಾತಿ ನಾಯಿಗಳಲ್ಲಿ ಇದು ವಂಶದಲ್ಲೇ ಬರುತ್ತೆ. ಇವನಿಗೆ ಸ್ವಲ್ಪವೇ, ಆರಾಮಾಗಿ ಬದುಕ್ತಾನೆ. ಆದ್ರೆ ಮರಿಗಳಿಗೆ ಜಾಸ್ತಿಯಾಗಿ ಬಂದ್ರೆ, ಆಡ್ತಾ ಆಡ್ತಾನೇ ಕುಸಿದು ಬೀಳಬಹುದು.”

“ನಮ್ಮಪ್ಪನ ತಳಿಗೇ ಹೆಸರಿಡ್ತೀರಾ?”

“ಮುಚ್ಚಿಟ್ರೆ ನಿಮ್ಮಪ್ಪನಿಗೆ ಮರ್ಯಾದೆ ಕೊಟ್ಟ ಹಾಗಾಗುತ್ತಾ?”

ಅವಳು ದಡಾರನೆ ಬಾಗಿಲು ಹಾಕಿಕೊಂಡು ಹೋದಳು.

ಮುಂದಿನ ವಾರ ಅವಳ ವ್ಯಾನಿನಿಂದ ದೊರೆಯ ತಾಯಿ, ಅಕ್ಕತಂಗಿಯರು, ಇಡೀ ಸಂಸಾರವೇ ಇಳಿಯಿತು.

“ಎಲ್ಲರನ್ನೂ ನೋಡಿ,” ಎಂದಳು, ಅವನ ಮುಖ ನೋಡದೆ.

ಮಧ್ಯಾಹ್ನವಿಡೀ ಇಬ್ಬರೂ ನೆಲದ ಮೇಲೆ ಮಂಡಿಯೂರಿ ಕೂತರು. ಅವಳು ನಾಯಿಯನ್ನು ಅಪ್ಪಿ ಹಿಡಿಯುವುದು, ಅವನು ಬಾಗಿ ಕೇಳುವುದು. ಉಸಿರಿಗೆ ಉಸಿರು ತಾಕುವಷ್ಟು ಹತ್ತಿರ.

“ನಿಮ್ಮ ಹುಬ್ಬಿನ ಮೇಲೆ ನಾಯಿ ಕೂದಲು,” ಎಂದಳು ಅವಳು.

“ಯಾವ ಕಡೆ?”

“ಆ ಕಡೆ ಅಲ್ಲ. ಅಯ್ಯೋ, ಅಲ್ಲೂ ಅಲ್ಲ!” ಕೊನೆಗೆ ಅವಳೇ ತೆಗೆದಳು. ತೆಗೆದ ಬೆರಳು ಒಂದು ಗಳಿಗೆ ಅಲ್ಲೇ ಮರೆತು ನಿಂತಿತು.

ಅಕ್ಕತಂಗಿಯರು ಪಾರಾಗಿದ್ದರು. ತಾಯಿಗೆ ದೋಷವಿತ್ತು. ಅವಳು ತಾನೇ ಸ್ಟೆತಸ್ಕೋಪ್ ಕೇಳಿ ಪಡೆದು ಕಿವಿಗಿಟ್ಟುಕೊಂಡಳು. ಬಡಿತಗಳ ನಡುವೆ ಸುಯ್ಯೆನ್ನುವ ಸದ್ದು. ಅವಳ ಕಣ್ಣು ತುಂಬಿತು. ಅವನು ಪಕ್ಕದಲ್ಲೇ ಕೂತಿದ್ದ.

ನಾಯಿ ತಳಿ ಬೆಳೆಸುವವರ ಸಭೆಯ ದಿನ ಅವಳು ದೊರೆಯೊಂದಿಗೆ ವೇದಿಕೆ ಹತ್ತಿದಳು.

“ಇವನ ಹೃದಯದಲ್ಲಿ ದೋಷ ಇದೆ. ಇವನಿಂದ ಮರಿ ತೆಗೆಸಲ್ಲ. ಇವನ ತಾಯಿಯ ಮರಿಗಳನ್ನ ಸಾಕಿದವರೆಲ್ಲ ದಯವಿಟ್ಟು ಸ್ಕ್ಯಾನ್ ಮಾಡಿಸಿ, ನಾನೇ ಜೊತೆಗೆ ಬರ್ತೀನಿ.”

“ಅಪ್ಪ ಕಟ್ಟಿದ್ದನ್ನ ಮಗಳು ಕೆಡವಿದ್ಲು,” ಎಂದರು ಯಾರೋ.

ಅವಳು ತಲೆ ಎತ್ತಿದಳು. “ನಮ್ಮಪ್ಪನಿಗೆ ಬೇಕಾಗಿದ್ದು ಗಟ್ಟಿ ನಾಯಿಗಳು. ನಾನು ಅವರ ಕೆಲಸಾನೇ ಮಾಡ್ತಿದ್ದೀನಿ.”

ಸಭೆ ಗುಸುಗುಸು ಎಂದಿತು. ಹಿಂದಿನ ಸಾಲಿನಲ್ಲಿ ಒಬ್ಬ ಎದ್ದು ನಿಂತು ಚಪ್ಪಾಳೆ ತಟ್ಟಿದ. ಡಾಕ್ಟರ್! ಒಂಟಿ ಚಪ್ಪಾಳೆ; ನಿಲ್ಲಿಸಲೇ ಇಲ್ಲ.

ವೇದಿಕೆಯ ಹಿಂದೆ ಅವನು ಕೇಳಿದ, “ಹೆದರಿಕೆ ಆಯ್ತಾ?”

“ಕಾಲು ನಡುಗ್ತಿತ್ತು.”

“ಕಾಣ್ಲೇ ಇಲ್ಲ.”

“ದೊರೆ ಅಡ್ಡ ನಿಂತಿದ್ನಲ್ಲ!”

ಇಬ್ಬರೂ ನಕ್ಕರು. ಅವನು ತಡವರಿಸಿದ. “ಹೆಮ್ಮೆ ಆಯ್ತು. ಹಾಗನ್ನೋಕೆ ನಾನ್ಯಾರು ಅಂತಾನೂ ಅನ್ನಿಸ್ತು.”

“ಯಾರಾಗ್ಬೇಕು ಅಂತಿದ್ದೀರಿ?”

ಅವನ ಕಿವಿ ಕೆಂಪಾಯಿತು. “ನಿಮ್ಮೋನು.”

ಅವಳು ಅವನ ತೋಳಿಗೆ ತೋಳು ಸೇರಿಸಿದಳು.

“ಜನ ಇದ್ದಾರೆ. ಹಿಂಬಾಗಿಲಿಂದ ಹೋಗೋಣ್ವಾ?”

“ಯಾಕೆ?” ಎಂದಳು ಅವಳು. “ಮುಂಬಾಗಿಲಿಂದ್ಲೇ.”

ದೊರೆ ಮುಂದೆ, ಅವರಿಬ್ಬರೂ ಹಿಂದೆ. ತುಂಬಿದ ಸಭೆ ಸರಿದು ದಾರಿ ಬಿಟ್ಟಿತು.