ಕಮರಿಯ ಮೇಲೊಂದು ನೆಟ್ಟನೆಯ ಗೆರೆ

ಮರುದಿನ ಬೆಳಿಗ್ಗೆ ಅಮ್ಮ ತನ್ನ ನಡಿಗೆ ಸಂಘದವರನ್ನು ಕಟ್ಟಿಕೊಂಡು ಗುಡ್ಡ ಹತ್ತುವವಳಿದ್ದಳು. ಸಂಘದಲ್ಲಿ ನೆಟ್ಟಗಿರುವ ಮೊಣಕಾಲು ಒಂದೂ ಇರಲಿಲ್ಲ. ಅವರು ನಕಾಶೆ ನಂಬಿ ಹೋಗಲಿದ್ದ ದಾರಿ ನಿಜವಾಗಿ ಇದೆಯೋ ಇಲ್ಲವೋ ಇವತ್ತೇ ತಿಳಿಯಬೇಕಿತ್ತು. ಅದಕ್ಕೇ ಮಗಳು ತನ್ನ ಕನ್ನಡಕದಂಗಡಿಗೆ ಬೀಗ ಜಡಿದು ಹೊರಟಿದ್ದಳು.

ಯಾರು ಬೇಕಾದರೂ ಬರೆಯಬಹುದಾದ, ಯಾರು ಬೇಕಾದರೂ ತಿದ್ದಬಹುದಾದ ಅಂತರ್ಜಾಲದ ನಕಾಶೆ ಅದು. ಹಳದಿ ಬಾಣಗಳ ಕಾಲುದಾರಿ ಅದರಲ್ಲಿ ಗುಡ್ಡವನ್ನು ಬಳಸಿ ಬಳಸಿ ಹೋಗುತ್ತಿತ್ತು. ಆದರೆ ಕಮರಿಯ ಹತ್ತಿರ ಬಂದದ್ದೇ, ಸ್ಕೇಲು ಇಟ್ಟು ಎಳೆದ ಹಾಗೆ ನೆಟ್ಟಗಾಗಿಬಿಟ್ಟಿತ್ತು. ಎಳೆದವನ ಹೆಸರು 'ದಾರಿದೀಪ'.

"ದಾರಿದೀಪವಂತೆ! ಕುರ್ಚಿ ಬಿಟ್ಟು ಎದ್ದಿಲ್ಲ ಈ ಮಹಾನುಭಾವ" ಎಂದು ಅವಳು ಬಸ್ಸಿಳಿದಾಗಿನಿಂದ ಬೈಯುತ್ತಲೇ ಇದ್ದಳು.

"ಪಾಪ, ಯಾರೋ ಪುಕ್ಕಟೆ ಸೇವೆ ಮಾಡ್ತಾರೆ. ಹಾಗೆಲ್ಲ ಅನ್ನಬಾರದು" ಎಂದರು ಭಾವ.

ಭಾವ ಎಂದರೆ ಅಕ್ಕನ ಗಂಡ, ತೆರಿಗೆ ಸಲಹೆಗಾರ. "ದಾರಿ ಪಕ್ಕಾ ಇದೆ" ಎಂದು ಅತ್ತೆಗೆ ಭರವಸೆ ಕೊಟ್ಟವರು ಇವರೇ. ಅಳಿಯಂದಿರು ಹೇಳಿದ ಮೇಲೆ ಅಮ್ಮನಿಗೆ ಅದು ವೇದವಾಕ್ಯ. ಮಗಳ ಮಾತು ಬರೀ ಹೊಟ್ಟೆಯುರಿ. ದಾರಿ ತೋರಿಸಲು ಅವರೇ ಬಂದಿದ್ದರು. ಹೊಚ್ಚ ಹೊಸ ಬೂಟಿನಡಿ ಬೆಲೆಚೀಟಿ ಇನ್ನೂ ಅಂಟಿಕೊಂಡಿತ್ತು.

ಮೂರನೆಯವಳು ಗೆಳತಿ, ಬಸ್ಸು ಓಡಿಸುವವಳು. ಕೆಟ್ಟ ಗಾಡಿ ಎಳೆಯುವ ಹಗ್ಗವನ್ನು ಹೆಗಲಿಗೆ ಹಾಕಿಕೊಂಡಿದ್ದಳು.

"ಅದ್ಯಾಕೆ ಹಗ್ಗ?" ಎಂದು ಭಾವ ನಕ್ಕರು.

"ಇರಲಿ ಸಾರ್. ರಸ್ತೇಲಿ ಏನೇನೋ ಕೆಟ್ಟು ನಿಲ್ಲುತ್ತೆ."

ಕಾಡು ದಟ್ಟವಾಯಿತು. ಬೇರುಗಳ ಮೇಲೆ ಪಾಚಿ, ಪಾಚಿಯ ಮೇಲೆ ನೀರು. ಎಲ್ಲಿ ಕಾಲಿಟ್ಟರೂ ಜಾರುತ್ತಿತ್ತು. ಬಂಡೆಗಳ ಮೇಲಿನ ಹಳದಿ ಬಾಣಗಳನ್ನು ಮಗಳು ಒಂದೊಂದಾಗಿ ಫೋಟೋ ತೆಗೆದು, ಫೋನಿನಲ್ಲಿ ಜಾಗ ಗುರುತು ಮಾಡುತ್ತ ನಡೆದಳು. ಕೆಳಗೆಲ್ಲೋ ಹಳ್ಳ ಮೊರೆಯುತ್ತಿತ್ತು. ಸದ್ದು ಹತ್ತಿರವಾದಂತೆ ಮರಗಳು ಹಿಂದೆ ಸರಿದು, ಎದುರಿಗೆ ಕಮರಿ ಬಾಯಿ ತೆರೆದು ನಿಂತಿತು. ಬಾಣಗಳು ಅಲ್ಲಿಗೆ ಮುಗಿದವು. ಮುಂದೆ ಸಡಿಲ ಕಲ್ಲಿನ ಇಳಿಜಾರು, ಅಡಿಯಲ್ಲಿ ನೀರು.

"ನೋಡಿ ನಿಮ್ಮ ಪಕ್ಕಾ ದಾರಿ!" ಎಂದಳು ಅವಳು.

"ಇಲ್ಲೇ ಎಲ್ಲೋ ಇರಬೇಕು. ನಕಾಶೆ ಸುಳ್ಳು ಹೇಳಲ್ಲ." ಭಾವ ಫೋನು ನೋಡುತ್ತಲೇ ಹೆಜ್ಜೆ ಇಟ್ಟರು.

"ಭಾವಾ, ನಿಲ್ಲಿ!"

ಕಲ್ಲು ಜಾರಿತು. ಭಾವ ಕೂತಲ್ಲೇ ಸರ್ರನೆ ಇಳಿದರು. ಪ್ಯಾಂಟು ಹಿಂದೆ ಪರ್ರೆಂದು ಹರಿಯಿತು. ಒಂದು ಪೊದೆ ಕೈಗೆ ಸಿಕ್ಕಿತು.

ಪೊದೆಯ ಬೇರು ಕಿತ್ತು ಬರತೊಡಗಿತು.

ಗೆಳತಿ ಆಗಲೇ ಹಗ್ಗವನ್ನು ಮರಕ್ಕೆ ಸುತ್ತಿ ಕೆಳಕ್ಕೆ ಎಸೆದಿದ್ದಳು. "ಕಂಕುಳಡಿ ಸುತ್ಕೊಳ್ಳಿ ಸಾರ್! ಕೆಳಗೆ ನೋಡ್ಬೇಡಿ!"

"ಇಲ್ಲಿ ದಾರಿ ಇಲ್ಲ! ಎಳೀರೇ, ದಾರಿ ಇಲ್ಲ!"

ಇಬ್ಬರೂ ಎಳೆದರು. ಅಂಗೈ ಸುಲಿಯಿತು. ಕೊನೆಗೆ ಭಾವ ಹೊಟ್ಟೆಯ ಮೇಲೆ ತೆವಳುತ್ತ ಮೇಲೆ ಬಂದು, ಮಣ್ಣು ಮೆತ್ತಿದ ಮುಖದಲ್ಲಿ ಕೂತರು.

"ಅವನು ಕೈಗೆ ಸಿಗಲಿ, ದಾರಿದೀಪ" ಎಂದು ಅವಳು ಏದುಸಿರು ಬಿಟ್ಟಳು.

"ಸಿಕ್ಕಿದಾನಲ್ಲ" ಎಂದರು ಭಾವ. "ನಾನೇ."

ಗೆಳತಿ ಹಗ್ಗ ಸುತ್ತುವುದನ್ನು ನಿಲ್ಲಿಸಿದಳು.

"ದಾರಿ ತುಂಡಾಗಿದೆ ಅಂತ ಅಲ್ಲೊಂದು ಕೆಂಪು ಗುರುತು ಬರ್ತಿತ್ತು. ಎರಡು ತುದಿ ಸೇರಿಸಿದೆ, ಕೆಂಪು ಹೋಯ್ತು. ಎಷ್ಟು ಜನ ಥ್ಯಾಂಕ್ಸ್ ಹೇಳಿದ್ರು ಗೊತ್ತಾ?"

"ಕೆಂಪು ಹೋಗಲಿ ಅಂತ ಅಮ್ಮನ್ನ ಇಲ್ಲಿಗೆ ಕಳಿಸ್ತಿದ್ರಾ? ಥೂ ನಿಮ್ಮ!"

ಭಾವನ ಮುಖ ಹುಳ್ಳಗಾಯಿತು. ಬೈದು ಮುಗಿಸುವಷ್ಟು ಹೊತ್ತು ಅವಳಿಗಿರಲಿಲ್ಲ. ನಿಜವಾದ ದಾರಿ ಹುಡುಕಬೇಕಿತ್ತು.

ಅದು ಸಿಕ್ಕಿದ್ದು ಬಿದ್ದ ಮರವೊಂದರ ಕೆಳಗೆ. ಹಳದಿ ಬಾಣದ ಹಲಗೆ ಬೋರಲು ಬಿದ್ದಿತ್ತು. ಪಕ್ಕದಲ್ಲೇ ಅದರ ಮುರಿದ ಗೂಟ ಮೇಲ್ಗಡೆಗೆ ವಾಲಿತ್ತು. ಕೊಂಬೆಗಳ ನಡುವೆ ನುಸುಳಿ, ಹಳ್ಳದ ಮೇಲ್ಭಾಗಕ್ಕೆ ಹತ್ತಿದರು. ಮೈಯೆಲ್ಲ ಗೀರಾಯಿತು. ಬಾಣ ಮತ್ತೆ ಕಂಡಿತು, ಆಮೇಲೆ ಇನ್ನೊಂದು. ಕಮರಿ ಕಿರಿದಾಗುವಲ್ಲಿ ಗಟ್ಟಿಮುಟ್ಟಾದ ಮರದ ಸೇತುವೆಯೇ ಇತ್ತು. ಅದನ್ನು ದಾಟಿ, ಆಚೆ ಬದಿಯ ಬಾಣಗಳನ್ನೆಲ್ಲ ದಾಖಲಿಸಿ, ಸಂಜೆಗೆ ಕುಂಟುತ್ತ ಅಮ್ಮನ ಮನೆ ತಲುಪಿದರು.

ಊಟದ ಮೇಜಿನ ಮೇಲೆ ಅವಳು ಲ್ಯಾಪ್‌ಟಾಪನ್ನು ಭಾವನ ಮುಂದೆ ತಳ್ಳಿದಳು. "ಎಳೆದವರೇ ಅಳಿಸಿ."

ಭಾವ ತಮ್ಮ ನೆಟ್ಟನೆಯ ಗೆರೆಯನ್ನು ಅಳಿಸಿದರು. ಅವಳು ಸೇತುವೆಯ ದಾರಿ ಸೇರಿಸಿ, ಬಿದ್ದ ಮರವನ್ನೂ ಮುರಿದ ಹಲಗೆಯನ್ನೂ ಗುರುತಿಸಿದಳು.

ಸ್ವಲ್ಪ ಹೊತ್ತಿಗೆ ಅಮ್ಮ ಕೋಣೆಯಿಂದ ಫೋನು ಹಿಡಿದು ದುಮುಗುಡುತ್ತ ಬಂದಳು.

"ನೋಡಿದ್ರಾ ಅಳಿಯಂದಿರೇ? ನೆಟ್ಟಗಿದ್ದ ದಾರೀನ ಯಾವನೋ ತೆಗೆದುಹಾಕಿದಾನೆ! ಈಗ ಅಷ್ಟು ಸುತ್ತಿ ಹೋಗಬೇಕಂತೆ. ಸಂಘದವರೆಲ್ಲ ಹಿಡಿಶಾಪ ಹಾಕ್ತಿದಾರೆ. ಯಾವ ಅವಿವೇಕಿ ಕಣ್ರೀ ಇದು?"

ಭಾವ ತಟ್ಟೆಗೆ ಇನ್ನಷ್ಟು ಸಾರು ಸುರಿದುಕೊಂಡರು. ಇಷ್ಟು ವರ್ಷಕ್ಕೆ ಆ ಮನುಷ್ಯ ನಕಾಶೆಯಲ್ಲಿ ಮಾಡಿದ ಒಂದೇ ಒಂದು ಸರಿಯಾದ ಕೆಲಸ, ಅದಕ್ಕೇ ಬೈಗುಳ. ಅವಳಿಗೆ ನಗು ಉಕ್ಕಿ ಬಂತು. ಜೊತೆಗೆ, ಬೇಡವೆಂದರೂ, ಒಂದಿಷ್ಟು ಕನಿಕರವೂ ಬಂತು.

"ಅಮ್ಮಾ, ತೆಗೆದವನು ಸರಿಯಾಗೇ ತೆಗೆದಿದಾನೆ" ಎಂದಳು. "ಸ್ವತಃ ಹೋಗಿ, ಕೂತು ನೋಡಿಕೊಂಡು ಬಂದಿದಾನೆ. ನಂಬಿಕೆ ಇಲ್ಲದಿದ್ರೆ ನಿನ್ನ ಅಳಿಯಂದಿರಿಗೆ ಎದ್ದು ಹಿಂದೆ ತಿರುಗೋಕೆ ಹೇಳು."

ಅಳಿಯಂದಿರು ಮಾತ್ರ ಎಲ್ಲರ ಊಟ ಮುಗಿದರೂ ಕುರ್ಚಿ ಬಿಟ್ಟು ಏಳಲಿಲ್ಲ.