ತೆಗೆದಿಟ್ಟ ಹೆಪ್ಪು

ಉಪ್ಪು ಖಾರ ಹಚ್ಚಿ ಹೇಳುವ ಅಭ್ಯಾಸ ನನಗಿಲ್ಲ. ಮೇಷ್ಟರ ಕೆಲಸದಿಂದ ನಿವೃತ್ತನಾದ ಮೇಲೆ ನಾನೂ ನನ್ನ ಹೆಂಡತಿ ವರದಮ್ಮನೂ ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ಯಾತ್ರೆಗೆ ಹೋದವರ ಮನೆ ಕಾಯುತ್ತ ತಿರುಗಿದೆವು. ನಮಗೆ ಸ್ವಂತ ಮನೆಯಿರಲಿಲ್ಲ. ಬಿಟ್ಟುಬಂದ ಮನೆಯ ಮೊಸರನ್ನೇ ಅವಳು ಪುಟ್ಟ ಡಬ್ಬಿಯಲ್ಲಿ ಒಯ್ದು ಹೊಸ ಮನೆಯ ಹಾಲಿಗೆ ಹೆಪ್ಪು ಹಾಕುತ್ತಿದ್ದಳು.

ಅವಳು ತೀರಿಕೊಂಡಿದ್ದು ೧೯೮೧ರಲ್ಲಿ. ಮರುತಿಂಗಳು ಮಾಸ್ತಿಕಟ್ಟೆಯ ಕ್ವಾರ್ಟರ್ಸೊಂದನ್ನು ಕಾಯಲು ಒಬ್ಬನೇ ಹೋದೆ. ಸಂಜೆ ಹಾಲು ಕಾಯಿಸಿದ ಮೇಲೆ, ಹೆಪ್ಪು ತಂದಿಲ್ಲವೆಂಬುದು ನೆನಪಾಯಿತು. ಪಕ್ಕದ ಮನೆಯ ಸರೋಜಮ್ಮನನ್ನು ಕೇಳಿದೆ.

“ದೀಪ ಹಚ್ಚಿ ಆಯ್ತಲ್ಲ ಮೇಷ್ಟ್ರೇ, ಈಗ ಹೆಪ್ಪು ಕೊಡಬಾರ್ದು. ಬೆಳಿಗ್ಗೆ ಕೊಡ್ತೀನಿ,” ಎಂದರು.

ಹಾಲನ್ನು ಹಾಗೆಯೇ ಮುಚ್ಚಿಟ್ಟು, ಚಿಲಕ ಹಾಕಿ ಮಲಗಿದೆ.

ಬೆಳಿಗ್ಗೆ ಪಾತ್ರೆಗೆ ನನ್ನ ಟವೆಲು ಸುತ್ತಿತ್ತು. ಚಳಿಗಾಲದಲ್ಲಿ ವರದಮ್ಮ ಹಾಗೆ ಸುತ್ತುತ್ತಿದ್ದಳು. ಮುಟ್ಟಿದರೆ ಇನ್ನೂ ಬೆಚ್ಚಗಿತ್ತು. ಮುಚ್ಚಳ ತೆಗೆದೆ. ಹಾಲು ಗಟ್ಟಿ ಮೊಸರಾಗಿತ್ತು. ಅಂಚಿನಲ್ಲಿ ಒಂದು ಚಮಚದಷ್ಟು ಗುಳಿ ಬಿದ್ದಿತ್ತು. ಮರುದಿನದ ಹೆಪ್ಪಿಗೆಂದು ಅವಳು ದಿನಾ ಮೊದಲು ಅಷ್ಟನ್ನೇ ತೆಗೆದಿಡುತ್ತಿದ್ದಳು.

ಸರೋಜಮ್ಮ ಹೆಪ್ಪು ತಂದಾಗ ಬೇಡವೆಂದೆ.

ಅವಳು ತೆಗೆದಿಟ್ಟಿದ್ದನ್ನೇ ಮುಂದಿನ ಮನೆಗೆ ಒಯ್ಯೋಣವೆಂದು, ಮನೆಯವರು ಬರುವ ತನಕ ಅಲ್ಲಿದ್ದ ಬಟ್ಟಲು, ಡಬ್ಬಿಗಳನ್ನೆಲ್ಲ ತೆರೆದು ನೋಡಿದೆ. ಎಲ್ಲೂ ಸಿಗಲಿಲ್ಲ.