ಎತ್ತರ ತಪ್ಪಾಗಿ ಓದಿದವನು

ಅಮ್ಮ ತೀರಿಕೊಂಡ ಸುದ್ದಿ ತಿಳಿದಾಗ ಅವಳು ಬಿಸ್ಕತ್ತು ತಿನ್ನುತ್ತ ನಗುತ್ತಿದ್ದಳು.

ವಿಮಾನ ಸಂಸ್ಥೆಯ ತರಬೇತಿ ಕೇಂದ್ರದಲ್ಲಿ ಆಗಷ್ಟೇ ಆಯ್ಕೆಯ ಕೊನೆಯ ಪರೀಕ್ಷೆ ಮುಗಿದಿತ್ತು. ಆಯ್ಕೆಯಾದವರ ಪೈಲಟ್ ತರಬೇತಿಯ ಪೂರ್ತಿ ಖರ್ಚು ಸಂಸ್ಥೆಯದೇ. ಬ್ಯಾಂಕಿನವರು ಅಡವಿಡಲು ಆಸ್ತಿ ಕೇಳಿದ್ದರು. ದತ್ತಿ ಸಂಸ್ಥೆಯವರು, "ಹುಡುಗಿಗೆ ಇದೆಲ್ಲ ಯಾಕಮ್ಮ?" ಎಂದಿದ್ದರು. ಅವಳಿಗೆ ಉಳಿದಿದ್ದ ದಾರಿ ಇದೊಂದೇ.

ಪರೀಕ್ಷೆ ಜೋಡಿಯಾಗಿ ನಡೆಯುತ್ತದೆ. ನಕಲಿ ಕಾಕ್‌ಪಿಟ್‌ನಲ್ಲಿ ಒಬ್ಬರು ವಿಮಾನ ಇಳಿಸಬೇಕು, ಪಕ್ಕದವರು ಎತ್ತರ ಓದಿ ಹೇಳಬೇಕು. ಒಬ್ಬರು ಎದ್ದು ಹೋದರೆ ಇಬ್ಬರದೂ ರದ್ದು. ಅವಳ ಜೋಡಿ, ಒಂದು ವರ್ಷದಿಂದ ಜೊತೆಗೆ ಓದಿದ ಗೆಳೆಯ. ಬಾಗಿಲಿಗೆ ತಲೆ ತಾಗುವಷ್ಟು ಉದ್ದವಾಗಿದ್ದರಿಂದ ಅವಳ ಬಾಯಲ್ಲಿ ಅವನು 'ಲಂಬು'.

"ಎತ್ತರ ಓದೋಕೆ ಬರಲ್ವಾ ಲಂಬೂ? ಎಷ್ಟು ಸಲ ತಪ್ಪು ಹೇಳಿದೆ! ನೀನೇ ಇಷ್ಟೆತ್ತರ ಇದ್ದೀಯ..."

ಅವನು ನಗಲಿಲ್ಲ. ಪರೀಕ್ಷೆಗೆ ಮುಂಚಿನ ಸಂದರ್ಶನಕ್ಕೆ ಹೋಗುವಾಗ ಅವಳು ಕೊಟ್ಟಿದ್ದ ಫೋನನ್ನು ಮುಂದೆ ಹಿಡಿದ.

"ಮನೆಗೆ ಹೋಗೋಣ ಬಾ... ಅಮ್ಮ... ಬೆಳಿಗ್ಗೆ ಹೋಗಿಬಿಟ್ರು ಕಣೇ."

ಬಿಸ್ಕತ್ತು ಕೈಯಿಂದ ಜಾರಿತು.

"ನಿಂಗೆ ಯಾವಾಗ ಗೊತ್ತಾಯ್ತು?"

"ನೀನು ಸಂದರ್ಶನಕ್ಕೆ ಹೋಗಿದ್ದಾಗ... ನಿಮ್ಮಜ್ಜಿ ಫೋನ್ ಮಾಡಿದ್ರು."

"ಅಂದ್ರೆ... ಪರೀಕ್ಷೆಗೆ ಮುಂಚೆನೇ!"

ಅವನು ತಲೆ ತಗ್ಗಿಸಿದ.

"ನಿನ್ನ ಸೀಟು ಹೋಗುತ್ತೆ ಅಂತ ತಾನೇ? ಅಲ್ಲಿ ನಮ್ಮಮ್ಮ ಹೆಣವಾಗಿ ಮಲಗಿದ್ಲು. ಇಲ್ಲಿ ನಾನು ನಗ್ತಾ ಇದ್ದೆ, ನೀನು ನೋಡ್ತಾ ನಿಂತಿದ್ದೆ! ಥೂ! ಇನ್ನೊಂದ್ ಸಲ ನನ್ನ ಕಣ್ಣಿಗೆ ಬೀಳ್ಬೇಡ!"

ಅವನು ಅವಳ ಚೀಲ ಎತ್ತಿ ಹೆಗಲಿಗೇರಿಸಿಕೊಂಡ. ಅವನು ಅಲ್ಲ ಎನ್ನದಿದ್ದುದನ್ನು ಅವಳು ಒಪ್ಪಿಗೆ ಎಂದೇ ತಿಳಿದಳು.

ಸಾವಿನ ಮನೆಗೆ ಬಂದವರೆಲ್ಲ ಹೋದರು. ಅವಳ ಸಿಟ್ಟು ಮಾತ್ರ ಹೋಗಲಿಲ್ಲ. ಅವನು ಬಂದಾಗಲೆಲ್ಲ ಬಾಗಿಲು ಹಾಕಿದಳು. ಅಜ್ಜಿ ಅಂಗಳದಲ್ಲೇ ಅವನೊಡನೆ ಮಾತಾಡಿ ಕಳಿಸಿದರು.

ಕೊನೆಗೆ ಸಂಸ್ಥೆಯಿಂದ ಕರೆ ಬಂತು. ಅವಳು ಆಯ್ಕೆಯಾಗಿದ್ದಳು!

"ನಂಗೆ ಬೇಡ ಅಜ್ಜಿ. ಅಮ್ಮನ ಹೆಣ ದಾಟಿ ಗಳಿಸಿದ ಸೀಟು ಅದು. ಆ ಸ್ವಾರ್ಥಿ ಪಕ್ಕ ಕೂತು ಕಲೀಬೇಕಾ? ನಾಳೆನೇ ಬೇಡ ಅಂತ ಹೇಳ್ತೀನಿ."

ಮಡಿಸುತ್ತಿದ್ದ, ತೀರಿಹೋದ ಮಗಳ ಸ್ವೆಟರನ್ನು ಅಜ್ಜಿ ಮಂಚದ ಮೇಲೆ ಎಸೆದರು.

"ಬಾಯಿ ಮುಚ್ಚು! ಅವನು ಯಾರ ಪಕ್ಕನೂ ಕೂರಲ್ಲ. ಅವನಿಗೆ ಸೀಟೇ ಸಿಕ್ಕಿಲ್ಲ."

"...ಏನು?"

"ಹೇಳ್ಬೇಡ ಅಂತ ಅವನಿಗೆ ಹೇಳಿದ್ದು ನಾನು ಕಣೇ! ನನಗೆ ಹೇಳಿದ್ದು ನಿಮ್ಮಮ್ಮ. ಕೊನೇ ಉಸಿರಲ್ಲಿ ಕೈ ಹಿಡ್ಕೊಂಡು, 'ಅವಳು ವಿಮಾನ ಇಳಿಸಿ ಬರ್ಲಿ, ಆಮೇಲೆ ಹೇಳು' ಅಂದ್ಲು. ಆ ಹುಡುಗ 'ನನ್ನ ಕೈಲಾಗಲ್ಲ ಅಜ್ಜಿ' ಅಂತ ಫೋನಲ್ಲಿ ಅತ್ತ. ಗದರಿಸಿ ಆಣೆ ಮಾಡಿಸ್ಕೊಂಡೆ. ಎತ್ತರ ಹೆಂಗೆ ಸರಿಯಾಗಿ ಓದ್ತಾನೆ ಅವನು?"

"ಮತ್ತೆ ನೀನ್ಯಾಕೆ ಇಷ್ಟು ದಿನ ಸುಮ್ಮನಿದ್ದೆ!"

ಅಜ್ಜಿ ಎಸೆದ ಸ್ವೆಟರನ್ನು ಮತ್ತೆ ಮಡಿಲಿಗೆಳೆದುಕೊಂಡರು.

"ಅವನೇ ಬೇಡ ಅಂದ. 'ಅವಳಿಗೆ ಈಗ ಇರೋದು ನೀವೊಬ್ರೇ ಅಜ್ಜಿ. ಸಿಟ್ಟೆಲ್ಲ ನನ್ನ ಮೇಲೇ ಇರ್ಲಿ' ಅಂದ."

ಅವಳು ಚಪ್ಪಲಿ ಮೆಟ್ಟಿ ಹೊರಟಳು. ಸಿಟ್ಟು ಇಳಿದಿರಲಿಲ್ಲ... ಇಮ್ಮಡಿಯಾಗಿತ್ತು!

ಮೈದಾನದ ಪಕ್ಕದ ರಸ್ತೆಯಲ್ಲಿ ಡ್ರೈವಿಂಗ್ ಶಾಲೆಯ ಕಾರು ಮುಗ್ಗರಿಸುತ್ತ ಬರುತ್ತಿತ್ತು. ಅಲ್ಲಿ ಕಾರು ಕಲಿಸುವುದೇ ಅವನ ಹೊಟ್ಟೆಪಾಡು. ಸ್ಟೇರಿಂಗ್ ಹಿಡಿದಿದ್ದವರು ಕಲಿಯಲು ಬಂದ ಒಬ್ಬ ಟೀಚರಮ್ಮ, ಪಕ್ಕದಲ್ಲಿ ಅವನು. ಅವಳು ನಡುರಸ್ತೆಯಲ್ಲಿ ಅಡ್ಡ ನಿಂತಳು. ಕಾರು ಗಕ್ಕನೆ ನಿಂತಿತು. ಹಿಂದಿನ ಬಾಗಿಲು ತೆಗೆದು ಒಳಗೆ ಕೂತಳು.

"ತ್ಯಾಗ ಮಾಡು ಅಂತ ನಿಂಗ್ಯಾರು ಹೇಳಿದ್ದು?"

ಅವನು ತಿರುಗಿ ನೋಡಿದ. "ಅಜ್ಜಿ ಹೇಳಿಬಿಟ್ರಾ?"

"ನನ್ನ ಸಿಟ್ಟು ನನ್ನದು! ಅದನ್ನ ಯಾರ ಮೇಲೆ ಮಾಡ್ಕೋಬೇಕು ಅಂತ ತೀರ್ಮಾನ ಮಾಡೋಕೆ ನೀನ್ಯಾರೋ?"

"ನಾನು ಇಳೀಲಾ ಸರ್?" ಎಂದರು ಟೀಚರಮ್ಮ.

"ಇಳೀಬೇಡಿ!" ಇಬ್ಬರೂ ಒಟ್ಟಿಗೆ ಕೂಗಿದರು.

"ಹೇಳು, ಯಾರು ನೀನು?"

"ನಿನ್ನ ಪ್ರೀತಿಸೋನು ಕಣೇ. ಪರೀಕ್ಷೆ ಆದ್ಮೇಲೆ ಹೇಳೋಣ ಅಂತಿದ್ದೆ. ಅವತ್ತು... ಹೇಳಬೇಕಾಗಿ ಬಂದಿದ್ದೇ ಬೇರೆ."

ಟೀಚರಮ್ಮ ಮೆಲ್ಲನೆ ಹ್ಯಾಂಡ್‌ಬ್ರೇಕ್ ಎಳೆದರು.

ಅವಳು ಮುಖ ಮುಚ್ಚಿಕೊಂಡು ಅತ್ತಳು. ಅಮ್ಮನಿಗಾಗಿ ಅವಳು ಮನಸ್ಸು ಬಿಚ್ಚಿ ಅತ್ತಿದ್ದು ಅದೇ ಮೊದಲು.

"ನನ್ನ ಸಿಟ್ಟು ಇನ್ನೂ ಹೋಗಿಲ್ಲ."

"ಇರ್ಲಿ ಬಿಡು."

"ಮುಂದಿನ ಆಯ್ಕೆಗೆ ನೀನು ಕೂರ್ಬೇಕು. ಅಲ್ಲಿವರೆಗೂ ದಿನಾ ನನ್ನೆದುರು ಎತ್ತರ ಓದ್ಬೇಕು."

"ಆಗ್ಲಿ ಕ್ಯಾಪ್ಟನ್."

"ಮತ್ತೆ... ನಂಗೂ ನೀನಂದ್ರೆ..."

"ಕೇಳಿಸ್ಲಿಲ್ಲ."

"ಹೊಡೀತೀನಿ ನೋಡು!"

ಅವನು ಸೀಟುಗಳ ನಡುವಿನಿಂದ ಕೈ ಚಾಚಿದ. ಅವಳು ಅದನ್ನು ಬಿಗಿಯಾಗಿ ಹಿಡಿದು ಕಣ್ಣು ಮುಚ್ಚಿದಳು.

'ದೇವರೇ, ನಮ್ಮಮ್ಮನ ಆತ್ಮಕ್ಕೆ ಶಾಂತಿ ಕೊಡು. ಇಷ್ಟು ದಿನ ನನ್ನ ಕೂಗಾಟಕ್ಕೆ ಅವಳು ಎದ್ದು ಕೂತಿದ್ದರೆ, ವಿಮಾನ ಸರಿಯಾಗಿ ಇಳಿಯಿತು ಎಂದು ಹೇಳು. ಇನ್ನು ನೆಮ್ಮದಿಯಾಗಿ ಮಲಗಲಿ.'